ಯುಕಟಾನ್ ಕಾಡಿನ ಸೆನೋಟೆ: ನೀರಿಗಿಳಿಯುವ ಮುಂಚೆ ತಿಳಿದಿರಬೇಕಾದ್ದು

ಡಲ್ಲಾಸಿನಲ್ಲಿರುವ ಚಿಕ್ಕಮ್ಮನ ಮಗ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ. ಕಾಡಿನ ನಡುವೆ ದುಂಡಗೆ ಬಾಯ್ದೆರೆದ ದೊಡ್ಡ ಗುಂಡಿ. ಅಂಚಿನಿಂದ ಜಡೆಯ ಹಾಗೆ ಇಳಿಬಿದ್ದ ಬೇರುಗಳು. ತಳದಲ್ಲಿ ಕಡುನೀಲಿ ನೀರು. ಆ ನೀರಿನಲ್ಲಿ ಲೈಫ್ ಜಾಕೆಟ್ ತೊಟ್ಟು ತೇಲುತ್ತಿರುವ ಅವನ ಹೆಂಡತಿ, ಮಕ್ಕಳು.

'ಇದ್ಯಾವ ಬಾವಿನಪ್ಪಾ?' ಎಂದರು ದೊಡ್ಡಪ್ಪ. 'ಕಲ್ಯಾಣಿ ಇದ್ದಂಗಿದೆ' ಎಂದರು ಅತ್ತೆ. 'ಉಲ್ಕೆ ಬಿದ್ದು ಆದ ಗುಂಡಿಯಂತೆ' ಎಂದು ಒಬ್ಬರು. 'ಅಲ್ಲಿ ನರಬಲಿ ಕೊಡ್ತಿದ್ರಂತೆ, ಅಂಥ ನೀರಲ್ಲಿ ಮಕ್ಕಳನ್ನ ಇಳಿಸಿದ್ದೀಯಾ' ಎಂದು ಇನ್ನೊಬ್ಬರು. ಎಲ್ಲ ಮುಗಿದ ಮೇಲೆ ಅಜ್ಜಿ ಕೇಳಿದ್ದು ಎರಡೇ ಮಾತು: 'ಇದಕ್ಕೆ ನೀರು ಎಲ್ಲಿಂದ ಬರುತ್ತೆ? ಕೋಡಿ ಎಲ್ಲಿದೆ?'

ಕೆರೆ ಕಟ್ಟೆ ನೋಡಿ ಬೆಳೆದವರ ಪ್ರಶ್ನೆ ಅದು. ನಿಜ ಹೇಳಬೇಕೆಂದರೆ 'ಸೆನೋಟೆ' ಎಂಬ ಈ ಗುಂಡಿಗಳ ವಿಷಯದಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆಯೂ ಅದೇ. ಉಲ್ಕೆ, ನರಬಲಿ, ಈಜುವವರಿಗೆ ಹಾಕುವ ನಿಯಮ ಎಲ್ಲಕ್ಕೂ ಉತ್ತರ ಆ ನೀರಿನ ದಾರಿಯಲ್ಲೇ ಸಿಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮೆಕ್ಸಿಕೋದಲ್ಲಿ ಇಂಥ ಗುಂಡಿಗಳಿರುವ ಕಡೆಯ ಕ್ಯಾಂಕುನ್ ಈಗ ರಜೆಯಲ್ಲಿ ಹೋಗಿಬರುವ ಮಾಮೂಲಿ ಜಾಗ. ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ಚಾಲ್ತಿ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ. ಹಾಗಾಗಿ ಇಂಥ ಫೋಟೋಗಳು ಇನ್ನೂ ಬರುತ್ತವೆ.

ಹೆಸರು, ಊರು

ಯುಕಟಾನ್ ಎಂಬುದು ಮೆಕ್ಸಿಕೋದ ಆಗ್ನೇಯಕ್ಕೆ, ಸಮುದ್ರದೊಳಗೆ ಹೆಬ್ಬೆರಳಿನ ಹಾಗೆ ಚಾಚಿಕೊಂಡಿರುವ ಪರ್ಯಾಯ ದ್ವೀಪ. ಒಂದು ಕಡೆ ಮೆಕ್ಸಿಕೋ ಕೊಲ್ಲಿ, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ. ಯುಕಟಾನ್, ಕಿಂತಾನಾ ರೋ, ಕಾಂಪೆಚೆ ಎಂಬ ಮೂರು ರಾಜ್ಯಗಳು ಇಲ್ಲಿವೆ. ಮೂರನ್ನೂ ಸೇರಿಸಿದರೂ ಕರ್ನಾಟಕದಷ್ಟು ದೊಡ್ಡದಾಗುವುದಿಲ್ಲ.

ಇದು ಮಾಯಾ ಜನರ ನಾಡು. 'ಮಾಯಾ ನಾಗರಿಕತೆ ಕಾಣೆಯಾಯಿತು' ಎಂದು ಓದಿರುತ್ತೇವೆ. ಕಾಣೆಯಾದದ್ದು ಕೆಲವು ದೊಡ್ಡ ನಗರಗಳು, ಜನ ಅಲ್ಲ. ಯುಕಟಾನಿನ ಮಾಯಾ ಭಾಷೆಯನ್ನು ಇವತ್ತಿಗೂ 7 ಲಕ್ಷಕ್ಕೂ ಹೆಚ್ಚು ಮಂದಿ ಆಡುತ್ತಾರೆ. ಸೆನೋಟೆಯ ಬಾಗಿಲಲ್ಲಿ ನಿಮಗೆ ಟಿಕೆಟ್ ಹರಿದುಕೊಡುವವರು ಆ ಜನರೇ ಇರಬಹುದು.

ಮಾಯಾ ಭಾಷೆಯಲ್ಲಿ ಈ ಗುಂಡಿಗೆ 'ತ್ಸೊನೊತ್' ಎನ್ನುತ್ತಾರೆ. 16ನೇ ಶತಮಾನದಲ್ಲಿ ಬಂದ ಸ್ಪೇನಿನವರ ಬಾಯಲ್ಲಿ ಅದು 'ಸೆನೋಟೆ' ಆಯಿತು, ಬೆಂಗಳೂರು ಬ್ಯಾಂಗಲೋರ್ ಆದ ಹಾಗೆ. ನೆಲದಡಿಯ ಗವಿಯ ಚಾವಣಿ ಕುಸಿದು, ಒಳಗಿನ ಅಂತರ್ಜಲ ಬಯಲಿಗೆ ಕಾಣುವ ಜಾಗವೇ ಸೆನೋಟೆ. ಕೆಲವು ಬಾನಿಗೆ ಪೂರ್ತಿ ತೆರೆದಿರುತ್ತವೆ. ಕೆಲವಕ್ಕೆ ಅರ್ಧ ಚಾವಣಿ ಉಳಿದಿರುತ್ತದೆ. ಇನ್ನು ಕೆಲವು ಗವಿಯಾಗಿಯೇ ಇದ್ದು, ನೆತ್ತಿಯಲ್ಲಿ ಮಾತ್ರ ಒಂದು ತೂತು. ಒಟ್ಟು 6,000ದಿಂದ 10,000 ಇರಬಹುದು ಎಂಬ ಅಂದಾಜಿದೆ.

ಅತ್ತೆ ಹೇಳಿದ ಕಲ್ಯಾಣಿ ನೋಡಲು ಹಾಗೇ ಕಂಡರೂ ಅದು ಕಟ್ಟಿದ್ದು. ಕೆರೆಗೆ ನೀರು ಮೇಲಿನಿಂದ ಹರಿದು ಬರಬೇಕು. ದೊಡ್ಡಪ್ಪನ ಬಾವಿಯೇ ಹತ್ತಿರದ ಹೋಲಿಕೆ. ಬಾವಿಯಲ್ಲಿ ನಾವು ತೋಡಿ ನೀರು ಮುಟ್ಟುತ್ತೇವೆ, ಇಲ್ಲಿ ನೆಲವೇ ಕುಸಿದು ನೀರು ತೋರಿಸಿದೆ, ಅಷ್ಟೇ.

ಕಲ್ಲು ಕರಗುತ್ತಾ?

ಯುಕಟಾನಿನ ಉತ್ತರ ಭಾಗದ ನಕ್ಷೆ ತೆಗೆದು ನೋಡಿ. ನದಿಯ ನೀಲಿ ಗೆರೆ ಹುಡುಕಿದರೂ ಸಿಗುವುದಿಲ್ಲ. ಹಾಗಂತ ಮಳೆ ಕಡಿಮೆಯೇನಲ್ಲ, ಒಳ್ಳೆಯ ಮಳೆಗಾಲವೇ ಇದೆ. ಬಿದ್ದ ನೀರು ನೆಲದ ಮೇಲೆ ಹರಿಯುವ ಬದಲು ನೇರ ಒಳಗೆ ಇಳಿದುಬಿಡುತ್ತದೆ. ಕಾರಣ ಅಲ್ಲಿನ ಕಲ್ಲು. ಕೋಟ್ಯಂತರ ವರ್ಷ ಆಳವಿಲ್ಲದ ಸಮುದ್ರದ ತಳವಾಗಿದ್ದ ಜಾಗ ಅದು. ಚಿಪ್ಪು, ಹವಳ, ಸಣ್ಣ ಜೀವಿಗಳ ಕವಚ ಪದರ ಪದರವಾಗಿ ಕೂತು ಸುಣ್ಣಕಲ್ಲಾಗಿದೆ. ಮೇಲೆ ಮಣ್ಣಿನ ಪದರ ತೀರಾ ತೆಳು.

ಸುಣ್ಣಕಲ್ಲು ನೀರಿಗೆ ಕರಗುವುದು ನಮಗೆ ಹೊಸದೇನಲ್ಲ. ಬೋರ್‌ವೆಲ್ ನೀರು ಬಳಸುವ ಮನೆಯ ಬಕೆಟ್ಟು ನೋಡಿ. ತಿಂಗಳೊಪ್ಪತ್ತಿನಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಗೀಸರಿನ ಕಾಯಿಲಿಗೂ ಅದೇ ಗತಿ. ನೀರು ಎಲ್ಲೋ ನೆಲದಡಿಯಲ್ಲಿ ಕರಗಿಸಿಕೊಂಡ ಕಲ್ಲನ್ನು ನಿಮ್ಮ ಬಚ್ಚಲಲ್ಲಿ ಬಿಟ್ಟುಹೋಗಿದೆ. ಗಡಸು ನೀರು ಎನ್ನುವುದು ಇದಕ್ಕೇ.

ಬರೀ ನೀರಿಗೆ ಈ ಶಕ್ತಿ ಅಷ್ಟಿಲ್ಲ. ಮಳೆಹನಿ ಗಾಳಿಯಲ್ಲಿ ಬೀಳುತ್ತಾ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಳ್ಳುತ್ತದೆ. ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಬೇರುಗಳು, ಕೊಳೆಯುವ ಎಲೆಗಳು ಬಿಟ್ಟ ಅದೇ ಅನಿಲ ಇನ್ನಷ್ಟು ಸೇರುತ್ತದೆ. ಗೋಲಿ ಸೋಡಾದಲ್ಲಿ ಇರುವುದೂ ಇದೇ ಅನಿಲ. ಅಂದರೆ ಕಲ್ಲಿನ ಬಿರುಕಿಗೆ ಇಳಿಯುವ ಹೊತ್ತಿಗೆ ನೀರು ತುಂಬಾ ತೆಳುವಾದ ಸೋಡಾ ಆಗಿರುತ್ತದೆ, ಸ್ವಲ್ಪ ಹುಳಿ. ಮೊಟ್ಟೆಯ ಓಡಿನ ಮೇಲೆ ನಿಂಬೆರಸ ಬಿದ್ದರೆ ನೊರೆ ಬರುತ್ತದಲ್ಲ, ಅದನ್ನೇ ಸಾವಿರಾರು ವರ್ಷ ಎಳೆದು ನೋಡಿ. ಕೂದಲೆಳೆಯ ಬಿರುಕು ಕೈ ಹಿಡಿಸುವಷ್ಟಾಗುತ್ತದೆ, ಆಮೇಲೆ ಆಳು ನುಗ್ಗುವಷ್ಟು, ಕೊನೆಗೆ ಬಸ್ಸು ಹೋಗುವಷ್ಟು.

ಗವಿ ಹಿಗ್ಗುತ್ತಾ ಹೋದ ಹಾಗೆ ಚಾವಣಿ ತೆಳುವಾಗುತ್ತದೆ. ಒಂದು ದಿನ ತನ್ನ ಭಾರ ತಾನೇ ತಡೆಯಲಾರದೆ ಕುಸಿಯುತ್ತದೆ. ಸೆನೋಟೆಯ ನಡುವೆ ನೀರೊಳಗೆ ಕಲ್ಲುಮಣ್ಣಿನ ಗುಡ್ಡೆ ಇರುವುದನ್ನು ಡೈವ್ ಮಾಡುವವರು ನೋಡಿರುತ್ತಾರೆ. ಅದು ಹಳೆಯ ಚಾವಣಿ.

ಇಲ್ಲೊಂದು ವಿಚಿತ್ರ ಇದೆ. ಆಲದ ಬಿಳಲಿನಂತೆ ಗವಿಯ ಚಾವಣಿಯಿಂದ ಇಳಿಬೀಳುವ ಕಲ್ಲುಗಳನ್ನು ನೀವು ನೋಡಿರಬಹುದು. ಸುಣ್ಣ ಕರಗಿದ ನೀರು ತೊಟ್ಟು ತೊಟ್ಟಾಗಿ ಜಿನುಗಿ, ಗಾಳಿ ತಾಗಿ, ಸುಣ್ಣ ಬಿಟ್ಟು ಬಿಟ್ಟು ಅವು ಬೆಳೆಯುತ್ತವೆ. ಬೆಳೆಯಲು ಗಾಳಿ ಬೇಕೇಬೇಕು. ಆದರೆ ಯುಕಟಾನಿನಲ್ಲಿ ಇವು ಪೂರ್ತಿ ನೀರಿನಲ್ಲಿ ಮುಳುಗಿದ ಗವಿಗಳಲ್ಲೂ ಇವೆ! ಅಂದರೆ ಆ ಗವಿಗಳು ಒಂದು ಕಾಲಕ್ಕೆ ಒಣಗಿದ್ದವು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುದಿ ಮುಟ್ಟಿದ್ದಾಗ, ಲೋಕದ ಎಷ್ಟೋ ನೀರು ಮಂಜುಗಡ್ಡೆಯಾಗಿ ಉತ್ತರದಲ್ಲಿ ಕೂತಿತ್ತು. ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಗವಿಗಳ ನೀರೂ ಅದರ ಜೊತೆಗೇ ಇಳಿದಿತ್ತು. ನೀರಿನ ಆಸರೆ ತಪ್ಪಿದ್ದರಿಂದ ಎಷ್ಟೋ ಚಾವಣಿಗಳು ಕುಸಿದದ್ದೂ ಆಗಲೇ.

ಆ ಒಣ ಗವಿಗಳಲ್ಲಿ ಜನ ಓಡಾಡಿದ್ದಾರೆ. 2007ರಲ್ಲಿ ತುಲುಮ್ ಊರಿನ ಹತ್ತಿರ, ನೀರು ತುಂಬಿದ ಗವಿಯೊಂದರ ಆಳದ ಕುಳಿಯಲ್ಲಿ ಡೈವರ್‌ಗಳಿಗೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿ ಸಿಕ್ಕಿತು. ಆ ಕುಳಿಗೆ 'ಓಯೋ ನೆಗ್ರೋ', ಅಂದರೆ ಕಪ್ಪು ಗುಂಡಿ ಎಂದು ಹೆಸರಿಟ್ಟರು. ಹುಡುಗಿಗೆ 'ನಾಯಾ' ಎಂದರು. 12,000ದಿಂದ 13,000 ವರ್ಷ ಹಿಂದಿನವಳು. ಕತ್ತಲಲ್ಲಿ ಕಾಲು ಜಾರಿ ಬಿದ್ದಿರಬೇಕು. ಅವಳ ಸುತ್ತ ಆಗ ಬದುಕಿದ್ದ ದೈತ್ಯ ಸ್ಲಾತ್, ಆನೆಯ ದೂರದ ನೆಂಟನಾದ ಗಾಂಫೋಥೀರ್ ಇಂಥ ಪ್ರಾಣಿಗಳ ಮೂಳೆಗಳೂ ಇದ್ದವು. ಅಮೆರಿಕ ಖಂಡದಲ್ಲಿ ಸಿಕ್ಕ ಅತಿ ಹಳೆಯ ಮನುಷ್ಯರ ಅಸ್ಥಿಗಳಲ್ಲಿ ಅವಳದೂ ಒಂದು. ಮಾಯಾ ನಗರಗಳು ಎದ್ದದ್ದು ಇದಾಗಿ ಎಷ್ಟೋ ಸಾವಿರ ವರ್ಷಗಳ ಮೇಲೆ.

ಹಾಗಾದರೆ ಉಲ್ಕೆ?

ಅರ್ಧ ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ 10 ಕಿ.ಮೀ.ಗೂ ಮೀರಿ ಅಗಲದ ಕ್ಷುದ್ರಗ್ರಹವೊಂದು ಇಲ್ಲೇ ಬಂದು ಬಡಿಯಿತು. ಡೈನೋಸಾರ್‌ಗಳ ಕಾಲ ಮುಗಿದದ್ದು ಆಗಲೇ. ಅದು ತೋಡಿದ ಕುಳಿ ಸುಮಾರು 180 ಕಿ.ಮೀ. ಅಗಲ. ನಡುಭಾಗ ಚಿಕ್‌ಶುಲೂಬ್ ಎಂಬ ಕಡಲೂರಿನ ಹತ್ತಿರ ಬರುವುದರಿಂದ ಕುಳಿಗೂ ಅದೇ ಹೆಸರು. (ಇದೇ ಹೊತ್ತಿಗೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ದಖ್ಖನ್ನಿನ ಲಾವಾ ಉಕ್ಕುತ್ತಿತ್ತು. ಬೀದರ್, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ಆ ಲಾವಾದ್ದೇ. ಡೈನೋಸಾರ್‌ಗಳ ಅಳಿವಿನಲ್ಲಿ ಅದರ ಪಾಲೆಷ್ಟು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ.)

ಆದರೆ ಆ ಕುಳಿಯನ್ನು ಕಣ್ಣಾರೆ ನೋಡಲು ಆಗುವುದಿಲ್ಲ. ಮುಂದಿನ ಕೋಟ್ಯಂತರ ವರ್ಷಗಳಲ್ಲಿ ಅದರ ಮೇಲೆ ನೂರಾರು ಮೀಟರ್ ಸುಣ್ಣಕಲ್ಲು ಕೂತಿದೆ. ನಾವು ಈಜುವ ಸೆನೋಟೆಗಳು ಆ ಹೊಸ ಕಲ್ಲಿನಲ್ಲಿ ಆದವು. ಉಲ್ಕೆ ಬಂದು ಗುಂಡಿ ಹೊಡೆಯಿತು, ಅದರಲ್ಲಿ ನೀರು ನಿಂತಿತು ಎಂಬುದು ಸರಿಯಲ್ಲ.

ಸಂಬಂಧ ಇರುವುದು ಬೇರೆ ರೀತಿ. ಹೂತುಹೋದ ಕುಳಿಯ ಅಂಚಿನ ಮೇಲೆ ಕೂತ ಕಲ್ಲಿನಲ್ಲಿ ಬಿರುಕು ಜಾಸ್ತಿ. ನೆಲದಡಿಯ ನೀರು ಆ ಬಿರುಕು ಹಿಡಿದು ಹರಿಯುತ್ತದೆ, ಅಲ್ಲೇ ಹೆಚ್ಚು ಕಲ್ಲು ಕರಗುತ್ತದೆ. ಮೇಲಿನಿಂದ ನೋಡಿದರೆ ಪರ್ಯಾಯ ದ್ವೀಪದ ವಾಯವ್ಯದಲ್ಲಿ ಸೆನೋಟೆಗಳು ಬಿಲ್ಲಿನಂತೆ ಸಾಲುಗಟ್ಟಿವೆ. ಇದನ್ನು 'ಸೆನೋಟೆಗಳ ಉಂಗುರ' ಎನ್ನುತ್ತಾರೆ. ದೋಸೆ ಹಿಟ್ಟಿನಲ್ಲಿ ಮುಚ್ಚಿಹೋದ ಹೆಂಚಿನ ಗೆರೆ ದೋಸೆಯ ಮೇಲೆ ಮೂಡಿದಂತೆ. ಒಮುನ್, ಕುಸಮಾ ಊರುಗಳ ಸೆನೋಟೆಗಳು ಈ ಉಂಗುರಕ್ಕೆ ಸೇರಿದವು. ಜನ ಜಾಸ್ತಿ ಹೋಗುವ ತುಲುಮ್, ವಾಯಡೊಲಿಡ್, ಹಳೆಯ ಮಾಯಾ ನಗರ ಚಿಚೆನ್ ಇಟ್ಸಾದವು ಅದರ ಆಚೆಗಿವೆ. ಗೈಡ್‌ಗಳು ಎಲ್ಲ ಗುಂಡಿಯನ್ನೂ ಉಲ್ಕೆಯ ಲೆಕ್ಕಕ್ಕೆ ಬರೆದರೆ ಸುಮ್ನೆ ಕೇಳಿ ನಕ್ಕುಬಿಡಿ.

ಸಿಹಿನೀರಿನ ಕೆಳಗೆ ಕಡಲು

ಈ ನಾಡಿನ ಅಡಿಯಲ್ಲಿರುವುದು ಬಿಡಿ ಬಿಡಿ ಕೊಳಗಳಲ್ಲ. ಸ್ಪಂಜಿನಂಥ ಕಲ್ಲಿನೊಳಗೆ ಒಂದಕ್ಕೊಂದು ತಾಗಿಕೊಂಡ ನೀರು. ತುಲುಮ್ ಹತ್ತಿರದ ಸಾಕ್ ಆಕ್ತುನ್ ಎಂಬ ಮುಳುಗಿದ ಗವಿಜಾಲವನ್ನು ಪಕ್ಕದ ದೋಸ್ ಓಖೋಸ್ ಜಾಲ ಕೂಡುವುದು 2018ರ ಜನವರಿಯಲ್ಲಿ ಗೊತ್ತಾಯಿತು. ಆಗ ಒಟ್ಟು ಅಳತೆ 347 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು ದೂರ, ಎಲ್ಲ ನೀರೊಳಗೆ. ಸೆನೋಟೆಗಳು ಆ ನೀರಿಗೆ ಇರುವ ಕಿಟಕಿಗಳು.

ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಮಳೆಯಿಂದ ಬಂದ ಸಿಹಿನೀರು ಮೇಲೆ ತೇಲುತ್ತದೆ. ಕಡಲಿನಿಂದ ಕಲ್ಲಿನ ಸಂದಿಯಲ್ಲಿ ನುಗ್ಗಿ ಬಂದ ಉಪ್ಪುನೀರು ಕೆಳಗಿರುತ್ತದೆ. ಕರಾವಳಿಯವರಿಗೆ ಇದು ಗೊತ್ತಿರುವ ಸಂಗತಿ. ಬೇಸಿಗೆಯಲ್ಲಿ ಜಾಸ್ತಿ ನೀರೆತ್ತಿದರೆ ಸಮುದ್ರದ ಪಕ್ಕದ ಬಾವಿ ಉಪ್ಪಾಗುತ್ತದಲ್ಲ, ಅದೇ ಲೆಕ್ಕ. ಸಿಹಿನೀರು ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲೆ ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಎಂಬುದು ಒಂದು ಸರಳ ಸೂತ್ರ.

ಎರಡೂ ನೀರು ಸೇರುವ ಕಡೆ ಬೇಸಿಗೆಯ ಟಾರು ರಸ್ತೆಯ ಮೇಲೆ ಗಾಳಿ ನಡುಗಿದಂತೆ ಎಲ್ಲ ಮಸುಕು ಮಸುಕಾಗಿ ಕಾಣುತ್ತದೆ. ಡೈವರ್‌ಗಳು ಇದನ್ನು ಹ್ಯಾಲೊಕ್ಲೈನ್ ಎನ್ನುತ್ತಾರೆ. ಸುಣ್ಣ ಕರಗಿಸಿ ಕರಗಿಸಿ ಸಾಕಾದ ಸಿಹಿನೀರು, ಅದೇ ಸ್ಥಿತಿಯ ಉಪ್ಪುನೀರು ಎರಡೂ ಬೆರೆತರೆ ಮತ್ತೆ ಕಲ್ಲು ಕರಗಿಸುವ ಹಸಿವು ಹುಟ್ಟುತ್ತದೆ. ಕಡಲ ಹತ್ತಿರದ ಗವಿಗಳು ಅಷ್ಟು ದೊಡ್ಡದಾಗಿರುವುದಕ್ಕೆ ಇದೂ ಕಾರಣ.

ಎಷ್ಟು ಮೆಟ್ಟಿಲು ಇಳಿಯಬೇಕು?

ಪ್ರವಾಸಿಗರು ಮಂಡಿನೋವಿಗೆ ಹೆದರಿ ಈ ಪ್ರಶ್ನೆ ಕೇಳುತ್ತಾರೆ. ಮಾಯಾ ರಾಜ್ಯಗಳ ಹಣೆಬರಹವೂ ಇದೇ ಪ್ರಶ್ನೆಯ ಮೇಲೆ ನಿಂತಿತ್ತು.

ಉತ್ತರ ಯುಕಟಾನಿನಲ್ಲಿ ಅಂತರ್ಜಲದ ಮಟ್ಟ ಹೆಚ್ಚುಕಮ್ಮಿ ಚಪ್ಪಟೆ. ಒಳನಾಡಿಗೆ ಹೋದರೂ ಕಡಲ ಮಟ್ಟಕ್ಕಿಂತ ಕೆಲವೇ ಮೀಟರ್ ಮೇಲೆ. ಏರಿಳಿಯುವುದು ನೆಲ ಮಾತ್ರ. ಹಾಗಾಗಿ ಕಡಲ ಪಕ್ಕದ ತುಲುಮಿನಲ್ಲಿ ನಾಲ್ಕಾರು ಮೆಟ್ಟಿಲು ಇಳಿದರೆ ನೀರು ಸಿಗುತ್ತದೆ. ಚಿಚೆನ್ ಇಟ್ಸಾದ ಬಳಿಯ ಇಕ್ ಕಿಲ್ ಸೆನೋಟೆಯಲ್ಲಿ, ಚಿಕ್ಕಮ್ಮನ ಮಗ ಫೋಟೋ ತೆಗೆದದ್ದು ಅಲ್ಲೇ, ನೆಲದಿಂದ ಸುಮಾರು 26 ಮೀಟರ್ ಇಳಿಯಬೇಕು. ಎಂಟು ಮಹಡಿ ಅನ್ನಿ. ಇನ್ನೂ ದಕ್ಷಿಣಕ್ಕೆ, ಪುಊಕ್ ಎಂಬ ಗುಡ್ಡಗಾಡಿಗೆ ಹೋದರೆ ನೀರು 60 ಮೀಟರಿಗೂ ಕೆಳಗೆ. ಅಲ್ಲಿ ನೆಲ ಕುಸಿದು ನೀರು ತೋರುವುದೇ ಅಪರೂಪ.

ಆ ಗುಡ್ಡಗಾಡಿನಲ್ಲಿ ಊಶ್‌ಮಾಲ್ ಎಂಬ ದೊಡ್ಡ ನಗರ ಇತ್ತು. ನೀರು ಎಲ್ಲಿಂದ? ಮಳೆಕೊಯ್ಲು. ನೆಲದಲ್ಲಿ ಹೂಜಿಯಾಕಾರದ ಗುಂಡಿ ತೋಡಿ, ಒಳಗೆ ಸುಣ್ಣದ ಗಾರೆ ಬಳಿದು, ಬಾಯಿ ಮಾತ್ರ ಕಿರಿದಾಗಿಟ್ಟು, ಸುತ್ತಲ ಅಂಗಳದ ಮಳೆನೀರು ಅದಕ್ಕೆ ಇಳಿಯುವಂತೆ ಇಳಿಜಾರು ಮಾಡುತ್ತಿದ್ದರು. ಇದಕ್ಕೆ 'ಚುಲ್ತುನ್' ಎಂದು ಹೆಸರು. ಮಳೆ ಕೈಕೊಟ್ಟರೆ ಚುಲ್ತುನ್ ಖಾಲಿ, ಊರೂ ಖಾಲಿ. ಅದಕ್ಕೇ ಇರಬೇಕು, ಊಶ್‌ಮಾಲ್ ಮತ್ತು ಪಕ್ಕದ ಕಬಾ ಊರಿನ ಗೋಡೆಗಳ ತುಂಬ ಉದ್ದ ಬಾಗಿದ ಮೂಗಿನ ಮುಖಗಳು ಸಾಲುಸಾಲಾಗಿವೆ. ಸಾಮಾನ್ಯವಾಗಿ ಅವನ್ನು ಮಳೆದೇವರು ಚಾಕ್‌ನವು ಎಂದು ಗುರುತಿಸುತ್ತಾರೆ. ಮೂಗು ನೋಡಿದರೆ ನಮಗೆ ಸೊಂಡಿಲು ನೆನಪಾಗುತ್ತದೆ, ಆದರೆ ಗಣಪತಿಗೂ ಇದಕ್ಕೂ ಸಂಬಂಧವಿಲ್ಲ.

ಬೊಲೊನ್‌ಚೆನ್ ಎಂಬ ಊರಿನವರದು ಇನ್ನೂ ಕಷ್ಟದ ಪಾಡು. ಬಾವಿಗಳು ಬತ್ತಿದಾಗ ಗವಿಯೊಳಗೆ ಮರದ ದೊಡ್ಡ ಏಣಿ ಹಾಕಿ, ಬೆನ್ನ ಮೇಲೆ ನೀರಿನ ಗಡಿಗೆ ಹೊತ್ತು ಹತ್ತುತ್ತಿದ್ದರು. 1840ರ ದಶಕದಲ್ಲಿ ಅಲ್ಲಿಗೆ ಹೋದ ಇಂಗ್ಲೆಂಡಿನ ಚಿತ್ರಕಾರ ಫ್ರೆಡರಿಕ್ ಕ್ಯಾದರ್‌ವುಡ್ ಬಿಡಿಸಿದ ಚಿತ್ರದಲ್ಲಿ ಆ ಏಣಿಯ ಮೇಲೆ ಜನ ಇರುವೆಗಳ ಹಾಗೆ ಕಾಣುತ್ತಾರೆ.

ಕ್ರಿ.ಶ. 800ರಿಂದ 1000ದ ನಡುವೆ ಈ ನಾಡಿಗೆ ಮತ್ತೆ ಮತ್ತೆ ಬರ ಬಂದದ್ದಕ್ಕೆ ಕೆರೆಗಳ ತಳದ ಕೆಸರಿನ ಪದರಗಳಲ್ಲಿ ಸಾಕ್ಷಿ ಇದೆ. ದಕ್ಷಿಣದಲ್ಲಿ, ಮಳೆನೀರಿನ ಕಟ್ಟೆಗಳನ್ನು ನಂಬಿದ್ದ ತಿಕಾಲ್‌ನಂಥ ನಗರಗಳು ಆ ಹೊತ್ತಿಗೆ ಖಾಲಿಯಾದವು. ಯುದ್ಧ, ರಾಜಕೀಯ ಎಲ್ಲ ಸೇರಿತ್ತು, ಬರವೊಂದೇ ಅಲ್ಲ. ಅದೇ ಕಾಲಕ್ಕೆ ಉತ್ತರದಲ್ಲಿ ಚಿಚೆನ್ ಇಟ್ಸಾ ಮೆರೆಯುತ್ತಿತ್ತು. ಅದರ ಹೆಸರಿನಲ್ಲೇ ಗುಟ್ಟಿದೆ: 'ಚಿ' ಎಂದರೆ ಬಾಯಿ, 'ಚೆನ್' ಎಂದರೆ ಬಾವಿ. ಇಟ್ಸಾ ಜನರ ಬಾವಿಯ ಬಾಯಿ.

ಪವಿತ್ರ ಸೆನೋಟೆ ಮತ್ತು ನರಬಲಿಯ ಮಾತು

ಚಿಚೆನ್ ಇಟ್ಸಾದಲ್ಲಿ ಎರಡು ದೊಡ್ಡ ಸೆನೋಟೆಗಳಿವೆ. ಒಂದರ ಹೆಸರು ಶ್ತೊಲೊಕ್, ಊರಿನ ಬಳಕೆಯ ನೀರು ಅಲ್ಲಿಂದ. ಇನ್ನೊಂದು ಪವಿತ್ರ ಸೆನೋಟೆ. ನಡುವಿನ ದೊಡ್ಡ ಪಿರಮಿಡ್ಡಿನ ಕಡೆಯಿಂದ ಸುಮಾರು 300 ಮೀಟರ್ ಉದ್ದದ, ಎತ್ತರಿಸಿ ಕಟ್ಟಿದ ಬಿಳಿ ದಾರಿ ಅಲ್ಲಿಗೆ ಹೋಗುತ್ತದೆ. ಬಾಯಿ ಸುಮಾರು 60 ಮೀಟರ್ ಅಗಲ. ಗೋಡೆಗಳು ನೆಟ್ಟಗೆ, ನೀರಿಗೆ 20 ಮೀಟರಿಗೂ ಮೀರಿದ ಇಳಿತ. ನೀರು ಹಸಿರು. ಇಲ್ಲಿ ಈಜಲು ಬಿಡುವುದಿಲ್ಲ, ನಿಂತು ನೋಡಬಹುದು ಅಷ್ಟೇ. ಅಂದರೆ ನರಬಲಿಯ ಸೆನೋಟೆಯೂ ಮಕ್ಕಳು ಈಜಿದ ಇಕ್ ಕಿಲ್ಲೂ ಬೇರೆ ಬೇರೆ.

ಮಾಯಾ ನಂಬಿಕೆಯಲ್ಲಿ ಗವಿ, ಸೆನೋಟೆ ಎರಡೂ ಪಾತಾಳದ ಬಾಗಿಲು. ಗ್ವಾಟೆಮಾಲಾದ ಕಿಚೆ ಮಾಯಾ ಜನ ಆ ಲೋಕವನ್ನು ಶಿಬಾಲ್ಬಾ ಎಂದರು, ಯುಕಟಾನಿನವರು ಮೆತ್ನಾಲ್ ಎಂದರು. ಮಳೆದೇವರು ಚಾಕ್ ಇರುವುದೂ ಇಂಥ ನೀರಿನಲ್ಲೇ. ಬರೀ ಹೆದರಿಕೆಯ ಜಾಗವೇನಲ್ಲ. ನೀರೂ ಅಲ್ಲಿಂದಲೇ ಬರಬೇಕು, ಬೆಳೆಯೂ ಅಲ್ಲಿಂದಲೇ.

ಮುಂದೆ ಬಿಷಪ್ ಆದ ಸ್ಪೇನಿನ ಪಾದ್ರಿ ದಿಯೇಗೊ ದೆ ಲಾಂಡಾ ಸುಮಾರು 1566ರಲ್ಲಿ ಬರೆದಿಟ್ಟ ಪ್ರಕಾರ, ಬರ ಬಂದಾಗ ಈ ನೀರಿಗೆ ಜೀವಂತ ಮನುಷ್ಯರನ್ನು ಅರ್ಪಿಸುತ್ತಿದ್ದರು. 1562ರಲ್ಲಿ ಮನೀ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದವನೂ ಇವನೇ. ಆದ್ದರಿಂದ ಅವನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಆದರೆ ಈ ವಿಷಯದಲ್ಲಿ ನೀರಿನ ತಳವೇ ಸಾಕ್ಷಿ ಹೇಳಿತು. ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕದ ರಾಯಭಾರ ಅಧಿಕಾರಿ ಈ ಜಾಗವನ್ನೇ ಕೊಂಡುಕೊಂಡು, 1904ರಿಂದ ಕೆಲವು ವರ್ಷ ಕ್ರೇನು ಹೂಡಿ ಕೆಸರೆತ್ತಿಸಿದ. ಸಿಕ್ಕಿದ್ದು ಹಸಿರು ಜೇಡ್ ಕಲ್ಲು, ಚಿನ್ನ, ತಾಮ್ರದ ಗಂಟೆ, ಬಟ್ಟೆಯ ಚೂರು, ರಬ್ಬರು, ನಮ್ಮ ಸಾಂಬ್ರಾಣಿಯ ಹಾಗೆ ಧೂಪ ಹಾಕುವ 'ಕೊಪಾಲ್' ಎಂಬ ಮರದಂಟಿನ ಉಂಡೆ, ಜೊತೆಗೆ ಮನುಷ್ಯರ ಮೂಳೆ. ಬಹುಪಾಲು ವಸ್ತುಗಳನ್ನು ಗುಟ್ಟಾಗಿ ಹಾರ್ವರ್ಡಿನ ಮ್ಯೂಸಿಯಮ್ಮಿಗೆ ಕಳಿಸಿಬಿಟ್ಟ. ಅದರಲ್ಲಿ ಸ್ವಲ್ಪ ಭಾಗ ದಶಕಗಳ ಮೇಲೆ ಮೆಕ್ಸಿಕೋಗೆ ಮರಳಿತು.

'ಸುಂದರ ಕನ್ಯೆಯರನ್ನು ತಳ್ಳುತ್ತಿದ್ದರು' ಎಂಬ ಕಥೆ ಆಗಿನ ಪತ್ರಿಕೆಗಳಿಗೆ ಬಹಳ ರುಚಿಸಿತು. ಮೂಳೆಗಳು ಹಾಗೆ ಹೇಳುವುದಿಲ್ಲ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅದರಲ್ಲಿದ್ದಾರೆ. ಮಕ್ಕಳೇ ಬಹಳ. 2024ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಪವಿತ್ರ ಸೆನೋಟೆಯ ಹತ್ತಿರದ ಚುಲ್ತುನ್ ಒಂದರಲ್ಲಿ ಹಿಂದೆ ಸಿಕ್ಕಿದ್ದ 64 ಮಕ್ಕಳ ಡಿಎನ್ಎ ಪರೀಕ್ಷೆಯಾಯಿತು. ಎಲ್ಲರೂ ಗಂಡುಮಕ್ಕಳು. ಹಲವರು ಒಬ್ಬರಿಗೊಬ್ಬರು ಹತ್ತಿರದ ರಕ್ತಸಂಬಂಧಿಗಳು, ಎರಡು ಜೋಡಿ ತದ್ರೂಪಿ ಅವಳಿಗಳು. ಪಾತಾಳಕ್ಕಿಳಿದು ಅಲ್ಲಿನ ದೊರೆಗಳನ್ನು ಸೋಲಿಸುವ ಅವಳಿ ವೀರರ ಕಥೆ ಮಾಯಾ ಪುರಾಣದಲ್ಲಿರುವುದರಿಂದ ಸಂಶೋಧಕರಿಗೆ ಅದೇ ನೆನಪಾಯಿತು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆರೆಗೆ ನೀರು ಬರಲೆಂದು ಮನೆಯ ಸೊಸೆಯನ್ನು ಬಿಟ್ಟುಕೊಟ್ಟ ಕಥೆ ನಮ್ಮ ಜನಪದದಲ್ಲೂ ಇದೆಯಲ್ಲ, ಬರದ ಭಯ ಎಂಥದ್ದೆಂದು ನಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ.

ತಳದಲ್ಲಿ ಇನ್ನೊಂದು ವಿಚಿತ್ರ ಇತ್ತು: 4 ಮೀಟರಿಗೂ ದಪ್ಪ ನೀಲಿ ಕೆಸರು. ನೀಲಿ ಗಿಡದ ಬಣ್ಣವನ್ನು ಒಂದು ಬಗೆಯ ಬಿಳಿ ಜೇಡಿಮಣ್ಣಿನ ಜೊತೆ ಕಾಯಿಸಿದರೆ ಬಿಸಿಲು ಮಳೆಗೆ ಜಗ್ಗದ ಬಣ್ಣ ಬರುತ್ತದೆ. ಇದೇ 'ಮಾಯಾ ನೀಲಿ'. ಚಾಕ್‌ಗೆ ಅರ್ಪಿಸುವ ಎಷ್ಟೋ ಕಾಣಿಕೆಗಳಿಗೆ ಇದನ್ನು ಬಳಿಯುತ್ತಿದ್ದರು. ಈ ನೀರಿನಿಂದ ಎತ್ತಿದ ಬಟ್ಟಲೊಂದರಲ್ಲಿ ಉಳಿದಿದ್ದ ಕೊಪಾಲನ್ನು ಪರೀಕ್ಷಿಸಿದ ಸಂಶೋಧಕರು 2008ರಲ್ಲಿ, ಧೂಪ ಉರಿಸುವ ಬಿಸಿಯಲ್ಲೇ ಬಣ್ಣವೂ ತಯಾರಾಗುತ್ತಿತ್ತು ಎಂದು ವಿವರಿಸಿದರು. ಶತಮಾನಗಳ ಕಾಣಿಕೆಗಳಿಂದ ತೊಳೆದುಹೋದ ಬಣ್ಣವೇ ತಳದ ಕೆಸರು.

ಮಳೆ ಬೇಡುವ ಪೂಜೆ ನಿಂತಿಲ್ಲ. 'ಚಾ ಚಾಕ್' ಎಂಬ ಹೆಸರಿನಲ್ಲಿ ಹಳ್ಳಿಗಳಲ್ಲಿ ಈಗಲೂ ನಡೆಯುತ್ತದೆ. ಮೆಕ್ಕೆಜೋಳದ ಹಿಟ್ಟಿನ ಪಾನಕ, ರೊಟ್ಟಿ, ಕೋಳಿ ಇಟ್ಟು ಪೂಜಾರಿ ಪ್ರಾರ್ಥಿಸುತ್ತಾನೆ. ಚಿಕ್ಕ ಹುಡುಗರು ಮೂಲೆಯಲ್ಲಿ ಕೂತು ಕಪ್ಪೆಯ ಹಾಗೆ ವಟಗುಟ್ಟುತ್ತಾರೆ. ಕಪ್ಪೆ ಮದುವೆ ಮಾಡಿಸುವ ನಮಗೆ ಇದು ತೀರಾ ಪರಕೀಯ ಅನ್ನಿಸಲಾರದು.

ಹೋಗುವವರಿಗೆ ನಾಲ್ಕು ಮಾತು

ನೀರು ವರ್ಷವಿಡೀ ಸುಮಾರು 24ರಿಂದ 26 ಡಿಗ್ರಿ. ಸೆಕೆಯಲ್ಲಿ ಬೆವೆತು ಇಳಿದಾಗ ಜುಮ್ ಎನ್ನುತ್ತದೆ, ಆಮೇಲೆ ಹಿತ. ಸೆನೋಟೆಗೆ ಕೆರೆಯ ಹಾಗೆ ನಿಧಾನವಾಗಿ ಆಳವಾಗುವ ದಡ ಇರುವುದಿಲ್ಲ. ಮೆಟ್ಟಿಲಿನ ಕೊನೆಯಲ್ಲೇ ಆಳು ಮುಳುಗುವ, ಹತ್ತಾರು ಮೀಟರ್ ಆಳದ ನೀರು ಇರಬಹುದು. ಅದಕ್ಕೇ ಎಷ್ಟೋ ಕಡೆ ಈಜು ಬಂದರೂ ಲೈಫ್ ಜಾಕೆಟ್ ಕಡ್ಡಾಯ. ಹಿಡಿದುಕೊಳ್ಳಲು ಹಗ್ಗ ಕಟ್ಟಿರುತ್ತಾರೆ. ಈಜು ಬಾರದವರೂ ತೇಲಬಹುದು, ಆದರೆ ಮಕ್ಕಳ ಕೈ ಬಿಡಬೇಡಿ. ಮೆಟ್ಟಿಲು ಜಾರುತ್ತದೆ.

ಬಿಸಿಲು ನೆತ್ತಿಗೆ ಬಂದಾಗ ಚಾವಣಿಯ ತೂತಿನಿಂದ ಬೆಳಕಿನ ಕಂಬ ನೀರಿಗೆ ಇಳಿಯುತ್ತದೆ. ಚಂದ, ಆದರೆ ಟೂರ್ ಬಸ್ಸುಗಳೂ ಸರಿಸುಮಾರು ಆಗಲೇ ಬರುತ್ತವೆ. ವಾಯಡೊಲಿಡ್‌ನಲ್ಲಿ ಒಂದು ರಾತ್ರಿ ಉಳಿದು ಬೆಳಗ್ಗೆ ಬೇಗ ಹೋಗುವುದು ಮೇಲು. ಆ ಊರಿನ ನಡುವೆಯೇ ಸಸೀ ಎಂಬ ಸೆನೋಟೆ ಇದೆ. ಅಲ್ಲಿನ ಹಳೆಯ ಸನ್ಯಾಸಿ ಮಠವನ್ನು ಸ್ಪೇನಿನವರು ಒಂದು ಸೆನೋಟೆಯ ಮೇಲೆಯೇ ಕಟ್ಟಿ, ಒಳಗಿಂದ ನೀರು ಸೇದುತ್ತಿದ್ದರು. ಕ್ಯಾಂಕುನ್‌ನಿಂದ ಹೊರಡುವವರು ಗಡಿಯಾರ ನೋಡಿಕೊಳ್ಳಿ. ಕಿಂತಾನಾ ರೋ ರಾಜ್ಯದ ಸಮಯ ಯುಕಟಾನ್ ರಾಜ್ಯಕ್ಕಿಂತ 1 ಗಂಟೆ ಮುಂದೆ.

ಎಷ್ಟೋ ಸೆನೋಟೆಗಳು 'ಎಹಿದೊ', ಅಂದರೆ ಊರವರು ಒಟ್ಟಾಗಿ ಹಿಡಿದಿರುವ ಜಮೀನಿನಲ್ಲಿವೆ. ಕೈಯಲ್ಲಿ ಪೆಸೊ ನಗದು ಇರಲಿ. ಕುಸಮಾದಲ್ಲಿ ಕಿರಿದಾದ ಹಳಿಯ ಮೇಲೆ ಕುದುರೆ ಎಳೆಯುವ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಆ ಹಳಿಗಳು ಕತ್ತಾಳೆ ನಾರಿನ ತೋಟಗಳ ಕಾಲದವು. ನಮ್ಮ ಹೊಲದ ಬೇಲಿಯ ಕತ್ತಾಳೆಯ ತವರೂ ಮೆಕ್ಸಿಕೋ ಕಡೆಯೇ.

ಗೋಡೆಯ ತೂತುಗಳ ಕಡೆ ಕಣ್ಣಿಡಿ. ನೀಲಿ ಹಸಿರು ಮೈಯ, ಬಾಲದ ತುದಿಯಲ್ಲಿ ಎರಡು ಪುಟ್ಟ ಬೀಸಣಿಗೆ ಇರುವ ಹಕ್ಕಿ ಕಂಡರೆ ಅದು 'ತೋ'. ಸೆನೋಟೆಯ ಗೋಡೆಯಲ್ಲಿ ಗೂಡು ಮಾಡುತ್ತದೆ. ಕಾಡಿನಲ್ಲಿ ತೋ ಕಂಡರೆ ಹತ್ತಿರ ನೀರಿದೆ ಎಂದು ಲೆಕ್ಕ.

ನೀರೊಳಗೆ ಗವಿಯ ಬಾಯಲ್ಲಿ ಸಾವಿನ ಚಿತ್ರ ಬರೆದ ಎಚ್ಚರಿಕೆ ಫಲಕಗಳಿರುತ್ತವೆ. ಅಲ್ಲಿಂದ ಮುಂದೆ ಗವಿ ಡೈವಿಂಗ್ ಕಲಿತವರಿಗೆ ಮಾತ್ರ. ಸಾಮಾನ್ಯ ಸ್ಕೂಬಾ ಸರ್ಟಿಫಿಕೇಟು ಸಾಲದು. ಮೇಲೆ ಚಾವಣಿ ಇರುವಾಗ, ಗಾಬರಿಯಾದರೆ ನೇರ ಮೇಲೆ ಬರಲು ದಾರಿಯೇ ಇರುವುದಿಲ್ಲ.

ಇನ್ನು ಎಲ್ಲರೂ ಗೊಣಗುವ ನಿಯಮ: ಇಳಿಯುವ ಮುಂಚೆ ಷವರಿನಲ್ಲಿ ಮೈ ತೊಳೆಯಬೇಕು, ಸನ್‌ಸ್ಕ್ರೀನ್, ಸೊಳ್ಳೆ ಎಣ್ಣೆ, ಮೇಕಪ್ ಯಾವುದೂ ಇರಕೂಡದು.

ಕೋಡಿ ಎಲ್ಲಿದೆ

ಯಾಕೆ ಅಂದರೆ, ಮೈಯಿಂದ ಬಿಟ್ಟಿದ್ದು ಆ ಗುಂಡಿಯಲ್ಲೇ ಉಳಿಯುವುದಿಲ್ಲ. ನಮ್ಮ ಮಣ್ಣಿನಲ್ಲಿ ಇಂಗುವ ನೀರು ಮರಳು, ಜೇಡಿಯ ನಡುವೆ ನಿಧಾನ ಸೋಸಿಕೊಂಡು ಇಳಿಯುತ್ತದೆ. ಯುಕಟಾನಿನ ಕಲ್ಲು ಜರಡಿಯಲ್ಲ, ಪೈಪು. ಒಂದು ಕಡೆ ಬಿದ್ದ ಕೊಳೆ ಸೋಸದೆಯೇ ಇನ್ನೊಂದು ಕಡೆ ಏಳುತ್ತದೆ. ಆ ಇನ್ನೊಂದು ಕಡೆ ಯಾರದೋ ಕುಡಿಯುವ ನೀರಿನ ಬಾವಿ ಇರುತ್ತದೆ. ಇಡೀ ನಾಡು ಕುಡಿಯುವುದು ಈ ನೀರನ್ನೇ.

ಈಚಿನ ವರ್ಷಗಳ ಜಗಳಗಳೆಲ್ಲ ಇಲ್ಲಿಂದಲೇ ಹುಟ್ಟಿದವು. ಸೆನೋಟೆಗಳ ಉಂಗುರದ ಮೇಲೆಯೇ ಇರುವ ಒಮುನ್ ಊರಿನಲ್ಲಿ ಸಾವಿರಾರು ಹಂದಿಗಳ ಫಾರ್ಮ್ ಬಂದಾಗ, ಊರಿನ ಮಾಯಾ ಮಕ್ಕಳ ಹೆಸರಿನಲ್ಲಿ ಕೋರ್ಟಿಗೆ ಹೋದರು. 2018ರಲ್ಲಿ ತಡೆಯಾಜ್ಞೆ ಸಿಕ್ಕಿತು. 2021ರಲ್ಲಿ ಮೆಕ್ಸಿಕೋದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಯಾಂಕುನ್‌ನಿಂದ ತುಲುಮ್ ಕಡೆಗೆ ಹೋಗುವ 'ಮಾಯಾ ರೈಲು' ಮಾರ್ಗದಲ್ಲಿ ಉಕ್ಕು, ಕಾಂಕ್ರೀಟಿನ ಕಂಬಗಳನ್ನು ಗವಿಗಳ ಚಾವಣಿ ತೂರಿ ಇಳಿಸಿದ್ದನ್ನು ಡೈವರ್‌ಗಳು ವಿಡಿಯೋ ಮಾಡಿ ತೋರಿಸಿದರು. ದಕ್ಷಿಣದ ಬಡ ಊರುಗಳಿಗೆ ರೈಲು ಕೆಲಸ ತರುತ್ತದೆ ಎಂಬುದು ಸರ್ಕಾರದ ವಾದ. ಎರಡೂ ಕಡೆ ಮಾಯಾ ಜನರೇ ಇದ್ದಾರೆ.

ಅಜ್ಜಿಗೆ ಫೋನ್ ಮಾಡಿ ಉತ್ತರ ಹೇಳಿದೆ. ನೀರು ಬರುವುದು ಇಡೀ ನಾಡಿನ ಮಳೆಯಿಂದ, ಕಲ್ಲಿನೊಳಗೆ ಹಾದು. ಕೋಡಿ ಇರುವುದು ಕಡಲಿನಲ್ಲಿ. ಕರಾವಳಿಯ ಪ್ಯೂರ್ತೊ ಮೊರೆಲೊಸ್‌ನಂಥ ಊರುಗಳ ಎದುರು, ದಡದಿಂದ ಸ್ವಲ್ಪ ದೂರದಲ್ಲಿ, ಸಮುದ್ರದ ತಳದಿಂದ ಈ ನೀರು ಬುಗ್ಗೆಯಾಗಿ ಏಳುತ್ತದೆ. ಮೀನುಗಾರರು ಅದನ್ನು 'ನೀರಿನ ಕಣ್ಣು' ಎನ್ನುತ್ತಾರೆ. ಅಲ್ಲಿಂದ ಮುಂದೆ ಹವಳದ ದಿಬ್ಬ.

'ಹಂಗಾದ್ರೆ ಆ ಹುಡುಗರು ಈಜಿದ ನೀರು ಈಗ ಸಮುದ್ರಕ್ಕೆ ಹೊರಟಿರುತ್ತೆ' ಎಂದರು ಅಜ್ಜಿ.